ಕಪ್ಪಾಗಿ ಬಂದ ಕೆಂಪು ಸೆರಗು

ರಂಗವ್ವ ಕಿರುಚಿದ ರಭಸಕ್ಕೆ ಇಳಕಲ್ಲಿನ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಅತ್ತ ಹುನಗುಂದದ ಕೋಳಿಗಳು ಇಡುತ್ತಿದ್ದ ಮೊಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದವಂತೆ.

ಅವಳ ಕೈಯಲ್ಲಿದ್ದದ್ದು ಅಂಗೈಯಗಲದ ಫೋಟೋ. ಕೆಂಪು ರೇಷ್ಮೆ ಸೆರಗು ಹೊದ್ದು ಕೂತಿದ್ದ ಮಗಳು ಹನಮವ್ವ ಅದರಲ್ಲಿ ಇದ್ದಿಲ ಮೂಟೆ ಹೊತ್ತವಳಂತೆ ಕಾಣುತ್ತಿದ್ದಳು. ಸೆರಗಿನಲ್ಲಿ ನೇಯ್ದ ಗೋಪುರದಂಥ ಬಿಳಿ ತೆನೆಗಳು ಸುಣ್ಣ ಚೆಲ್ಲಿದಂತೆ ಒಂದರೊಳಗೊಂದು ಕಲೆತುಹೋಗಿದ್ದವು. ಹಣೆಯ ಕುಂಕುಮ ಗುಂಡು ಹೊಕ್ಕ ತೂತಿನಂತಿತ್ತು.

"ಸುಭಾನಣ್ಣಾ, ಮದಿವಿ ಹುಡುಗಿಗೆ ಕರೀ ಸೆರಗು ಹೊಚ್ಚೀಯಲ್ಲೋ! ಬೀಗರು ಇದನ್ನ ನೋಡಿದ್ರ ನಮ್ಮ ಹೊಸ್ತಿಲಾ ತುಳೀತಾರೇನು?"

ಫೋಟೋ ತೆಗೆದ ಸುಭಾನಸಾಬ ಅದನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಹುನಗುಂದದ ನೇಕಾರ ಕನಕಪ್ಪ ಗುರುವಾರ ಫೋಟೋ ಒಯ್ಯಲು ಬರುವವನಿದ್ದ. ಮದುವೆಯ ಹುಡುಗ, ಅವನ ತಮ್ಮನ ಮಗ, ಸೊಲ್ಲಾಪುರದ ಗಿರಣಿಯಲ್ಲಿದ್ದು, ಫೋಟೋ ನೋಡದೆ ಹೂಂ ಅನ್ನುವುದಿಲ್ಲವೆಂದು ಹಟ ಹಿಡಿದಿದ್ದ. ಉಳಿದದ್ದು ಎರಡೇ ದಿನ, ಚಿತ್ರ ಹಿಡಿಯುವ ಒಂದೇ ಗಾಜಿನ ಪ್ಲೇಟು.

ಸುಭಾನಸಾಬ ಇಪ್ಪತ್ತು ವರ್ಷ ನೂಲಿಗೆ ಬಣ್ಣ ಹಾಕಿದವನು. ಮೊಣಕೈವರೆಗೆ ಕೆಂಪು. ಅವನು ಹಳ್ಳದಲ್ಲಿ ಕೈ ತೊಳೆದರೆ ಕೆಳಗಿನೂರಿನ ಎಮ್ಮೆಗಳು ಗುಲಾಬಿ ಹಾಲು ಕರೆಯುತ್ತಿದ್ದವು. ಬಾದಾಮಿಯ ಗವಿಗಳ ಚಿತ್ರ ತೆಗೆಯಲು ಬಂದ ಸಾಹೇಬನೊಬ್ಬನ ಪೆಟ್ಟಿಗೆಗಳನ್ನು ಎರಡು ಚಳಿಗಾಲ ಹೊತ್ತು, ಆ ಕಸುಬನ್ನೂ ಕಲಿತ. ಸಾಹೇಬ ಊರಿಗೆ ಹೊರಟಾಗ ಹಳೆಯ ಕ್ಯಾಮೆರಾ, ಕೆಂಪು ಗಾಜಿನ ಲಾಟೀನು, ಪ್ಲೇಟನ್ನು ಅದ್ದಿ ಚಿತ್ರ ಮೂಡಿಸುವ ಎರಡು ಬಗೆಯ ಪುಡಿ ಕೊಟ್ಟುಹೋದ. ಹೈಡ್ರೋಕ್ವಿನೋನ್ ಎಂಬುದು ಗಡಸು, ಕಪ್ಪು ಬಿಳುಪನ್ನಷ್ಟೇ ಎತ್ತಿ ಹಿಡಿಯುವಂಥದು; ಮೆಟಾಲ್ ಎಂಬುದು ಮೆದು, ನಡುವಿನ ಛಾಯೆಗಳನ್ನೂ ಉಳಿಸುವಂಥದು. ಬಣ್ಣದವನಲ್ಲವೇ, ಬಾನಿಯ ನೀರು ಬಿಸಿಯಾಗಿ ಗಟ್ಟಿಯಾಗಿದ್ದಷ್ಟೂ ಬಣ್ಣ ಹಿಡಿಯುತ್ತದೆಂದೇ ನಂಬಿದವನು. ಹನಮವ್ವನ ಪ್ಲೇಟನ್ನೂ ಗಡಸು ಪುಡಿಯ ಗಟ್ಟಿ ನೀರಿನಲ್ಲಿ, ಬಿಸಿಲಿಗಿಟ್ಟು ಬೆಚ್ಚಗೆ ಮಾಡಿಯೇ ಅದ್ದಿದ್ದ.

ಮನೆಗೆ ಬಂದವನೇ ಕತ್ತಲೆ ಕೋಣೆ ಹೊಕ್ಕು ಲಾಟೀನು ಹಚ್ಚಿದ. ತಲೆಯ ಮೇಲೆ ಕೈಯಿಟ್ಟುಕೊಳ್ಳಲು ಹೋಗಿ, ಆ ಕೈಗಳನ್ನೇ ಕಂಡು ಹೌಹಾರಿದ. ಇಪ್ಪತ್ತು ವರ್ಷದ ಕೆಂಪು ಕಲೆ ಮಾಯ! ಕೈ ಹಾಲಿನಂಥ ಬಿಳುಪು.

"ಮುಮ್ತಾಜ! ನನ್ನ ಕೈ ಎಲ್ಲಿ ಹೋತು?"

ಹೆಂಡತಿ ಬಾಗಿಲು ತೆರೆದಳು. ಹಗಲು ಒಳಬಂತು. ಕೈ ಮತ್ತೆ ಕೆಂಪು. "ಮೊಣಕೈಗೇ ಐತಲ್ರಿ. ಬಿಸಿಲಾಗ ಅಡ್ಡಾಡಬ್ಯಾಡ್ರಿ ಅಂತ ಬಡಕೊಂಡೆ."

ಅವನು ಕೈಯನ್ನೊಮ್ಮೆ, ಲಾಟೀನನ್ನೊಮ್ಮೆ ನೋಡಿದ. "ಕೆಂಪು ಬೆಳಕಿನಾಗ ನನಗ ಕೆಂಪು ಕಲಿ ಕಾಣಲಿಲ್ಲ. ಈ ಪ್ಲೇಟಿಗಂತೂ ಕೆಂಪು ಬೆಳಕಾ ಕಾಣೂದಿಲ್ಲ. ಅದಕ್ಕs ಲಾಟೀನಿನ ಮುಂದ ಕೆಡೂದಿಲ್ಲ. ಲಾಟೀನು ಕಾಣದ್ದಕ್ಕ ಸೆರಗು ಹೆಂಗ ಕಂಡೀತು? ಇದು ಕುರುಡು, ಮುಮ್ತಾಜ!"

"ಕುರುಡಗ ಏನು ಮಾಡ್ತೀರಿ ಮತ್ತ?"

"ಭಾಳ ಹೊತ್ತು ಬೆಳಕು ತೋರಸ್ತೇನಿ, ತಡಕಾಡಿ ಅಷ್ಟಿಷ್ಟರ ಹಿಡೀಲಿ. ಆದ್ರ ಅಷ್ಟು ಬೆಳಕಿಗೆ ಬಿಳಿ ತೆನಿ ಸುಟ್ಟುಹೋಗ್ತಾವು. ಅವಕ್ಕ ಮೆದು ಪುಡಿ, ತೆಳು ನೀರು, ಅದೂ ತಣ್ಣಗ." ಇಪ್ಪತ್ತು ವರ್ಷದ ಬಣ್ಣದವನ ಬಾಯಿಂದ ಈ ಮಾತು ಬಂದದ್ದಕ್ಕೆ ಅವಳು ಅವನ ಹಣೆ ಮುಟ್ಟಿ ನೋಡಿದಳು.

ಬುಧವಾರ ಹನಮವ್ವನನ್ನು ಬಿಸಿಲಿಗೆ ಕೂರಿಸಿ, ನಾಲ್ಕು ಎಣಿಸುವಲ್ಲಿ ನಲವತ್ತು ಎಣಿಸುವವರೆಗೆ ಕ್ಯಾಮೆರಾ ತೆರೆದಿಟ್ಟ. ಹುಡುಗಿ ಎಷ್ಟು ಅಲುಗದೆ ಕೂತಳೆಂದರೆ, ಮೂಗಿನ ಮೇಲೆ ಕೂತ ನೊಣವೇ ಬೇಸತ್ತು ಹಾರಿತು. ಆಮೇಲೆ ಕೋಣೆಯಲ್ಲಿ, ಮಣ್ಣಿನ ಗಡಿಗೆಯಲ್ಲಿ ತಣಿದ ಬಾವಿನೀರಿಗೆ ಚಿಟಿಕೆ ಮೆಟಾಲ್ ಬೆರೆಸಿ, ಪ್ಲೇಟು ಮುಳುಗಿಸಿದ ತಟ್ಟೆಯನ್ನು ತೊಟ್ಟಿಲಿನಂತೆ ತೂಗಿದ. ಚಿತ್ರ ಬಸುರಿಯ ನಡಿಗೆಯಲ್ಲಿ ಬಂತು. ಆದರೆ ತೆನೆಗಳು ಒಂದೊಂದಾಗಿ, ಬಿಡಿಬಿಡಿಯಾಗಿ ಬಂದವು.

ಗುರುವಾರ ಕನಕಪ್ಪ ಫೋಟೋ ಹಿಡಿದು ಬಾಗಿಲ ಬೆಳಕಿಗೆ ಹೋದ. ಸೆರಗು ಕೆಂಪಾಗಲಿಲ್ಲ, ಆದರೆ ಇದ್ದಿಲೂ ಅಲ್ಲ. ಮಳೆ ಮೋಡದ ಬಣ್ಣದಲ್ಲಿ ನೇಯ್ಗೆಯ ಎಳೆ ಎಳೆಯೂ ಕಾಣುತ್ತಿತ್ತು. ರಂಗವ್ವ ಉಸಿರು ಬಿಟ್ಟಳು. ಅಷ್ಟರಲ್ಲಿ ಕನಕಪ್ಪನ ಬೆರಳು ಒಂದು ಕಡೆ ನಿಂತಿತು.

"ಮಲಕಪ್ಪಾ, ಸೆರಗು ಸೀರಿ ಮೈಗೆ ಕೂಡಸುವಲ್ಲಿ ಎಳಿಗೆ ಎಳಿ ಹೆಣೆಯೂ ಕೊಂಡಿ ಒಂದು ತಪ್ಪೇತಲ್ಲೋ!"

ಹನಮವ್ವನ ತಂದೆ ಮಲಕಪ್ಪ, ಏಳು ತಲೆಮಾರಿನ ನೇಕಾರ, ಫೋಟೋಕ್ಕೆ ಮೂಗು ತಾಗಿಸಿ ನೋಡಿದ. ತಾನೂ ಗುರುತಿಸದ ತಪ್ಪು! ಸುಭಾನಸಾಬನಿಗೆ ಆ ತೆಳು ನೀರಿನಲ್ಲೇ ಮುಳುಗಿ ಸಾಯಬೇಕೆನಿಸಿತು. ತಾನು ಇಷ್ಟು ಚೆನ್ನಾಗಿ ತೆಗೆಯಬಾರದಿತ್ತು.

"ಅದು ಫೋಟೋದ ತಪ್ಪಿರಬೇಕ್ರಿ," ಎಂದ ಮಲಕಪ್ಪ.

"ಅಲ್ಲಪ್ಪಾ," ಒಳಗಿನಿಂದ ಹನಮವ್ವನ ದನಿ ಬಂತು. "ಕೊಂಡಿ ಹಾಕಿದಾಕಿ ನಾನ. ಒಂದು ತಪ್ಪೀನ್ರಿ. ಸುಭಾನಕಾಕಾಂದು ತಪ್ಪಿಲ್ಲ."

ಕನಕಪ್ಪ ಎಲೆಯಡಿಕೆಯನ್ನು ದವಡೆಗೆ ಸರಿಸಿ, ಫೋಟೋ ಕಿಸೆಗಿಟ್ಟ. "ಮೂವತ್ತು ವರ್ಷಾತು, ನಮ್ಮ ಮನ್ಯಾಗ ಕೊಂಡಿ ತಪ್ಪಿದ್ರ ಬೆಕ್ಕಿನ ಮ್ಯಾಲೆ ಹಾಕ್ತಾರ," ಎಂದ. "ಹುಡುಗ ಏನರ ಬರೀಲಿ, ನಾ ಅಂತೂ ತಪ್ಪು ಒಪ್ಪಿಕೊಂಡ ಈ ಹುಡುಗೀನ ಬಿಡಾಂಗಿಲ್ಲ."

ಹುಡುಗ ಹೂಂ ಎಂದೇ ಬರೆದ. ಸುಭಾನಸಾಬ ಮುಂದೆ ಗಡಸು ಪುಡಿಯ ಸೀಸೆ ಮುಟ್ಟಲಿಲ್ಲ. ಇಳಕಲ್ಲಿನ ನೇಕಾರರು ಮಾತ್ರ, ಅವನು ಕ್ಯಾಮೆರಾ ತೆರೆದ ಕೂಡಲೇ ಕೊಂಡಿ ಕಾಣದಂತೆ ಹೆಂಡತಿಯರ ಸೆರಗನ್ನು ಬೆನ್ನ ಹಿಂದೆ ಸಿಕ್ಕಿಸತೊಡಗಿದರು.