ತೋಟದಮ್ಮನ ಮುಂದಿಟ್ಟ ದ್ರಾಕ್ಷಿ

ದಿಂಡಿಗಲ್‌ನಲ್ಲಿ ನಮ್ಮಪ್ಪನಷ್ಟು ಗಟ್ಟಿ ಗಂಟಲಿನ ಪಾಸ್ಟರ್ ಇನ್ನೊಬ್ಬರಿರಲಿಲ್ಲ. ಅವರು ಚರ್ಚಿನಲ್ಲಿ "ಎದ್ದು ನಿಲ್ಲಿ" ಅಂದರೆ ಬೆಟ್ಟದ ಕೋಟೆಯ ಮೇಲಿನ ಕೋತಿಗಳೂ ಎದ್ದು ನಿಲ್ಲುತ್ತಿದ್ದವು. ನಾನು ಕಣ್ಣಾರೆ ನೋಡಿಲ್ಲ, ಆದರೆ ಕೋತಿಗಳು ಇಲ್ಲ ಅಂದದ್ದೂ ಇಲ್ಲ.

ಆ ಗಂಟಲು ಪಳಗಿದ್ದು ಕಂಬಂ ಕಣಿವೆಯ ದ್ರಾಕ್ಷಿ ತೋಟದಲ್ಲಿ ಗಿಳಿ ಓಡಿಸಿ. ನಮ್ಮದು ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಬೇಸಾಯದ ಮನೆತನ. ಅಪ್ಪ ಮದುರೈಯಲ್ಲಿ ಓದುವಾಗ ಹಾಸ್ಟೆಲ್ ಪಕ್ಕದ ಪ್ರೆಸ್ಬಿಟೇರಿಯನ್ ಚರ್ಚಿಗೆ ಹಾಡು ಕೇಳಲು ಹೋದವರು ವಾಪಸ್ ಬರಲೇ ಇಲ್ಲ. ತಾತ ಅವರನ್ನು ಮನೆಯಿಂದ ಆಚೆ ಹಾಕಿದರು, ಸಾಯುವವರೆಗೂ ಮಾತಾಡಿಸಲಿಲ್ಲ. ಅಜ್ಜಿ ತಾತನಿಗೆ ಎದುರಾಡಲಿಲ್ಲ. ಆದರೆ ಪ್ರತಿ ವರ್ಷ ಮೊದಲ ಕೊಯ್ಲಿನ ಕಪ್ಪು ದ್ರಾಕ್ಷಿ ಒಂದು ಬುಟ್ಟಿ, ಅಪ್ಪ ಎಲ್ಲಿದ್ದರೆ ಅಲ್ಲಿಗೆ ಬರುತ್ತಿತ್ತು. ಆಂಡಿಪಟ್ಟಿ ಚರ್ಚಿಗೆ ಹಾಲಿನ ವ್ಯಾನಿನಲ್ಲಿ ಬಂತು. ಪಳನಿ ಚರ್ಚಿಗೆ, ಮುರುಗನಿಗೆ ಮುಡಿ ಕೊಡಲು ಹೊರಟ ತಲೆಗಳ ನಡುವೆ ಬಸ್ಸಿನಲ್ಲಿ ಬಂತು. ಹುಟ್ಟಿದ ಮನೆಯಿಂದ ಅಪ್ಪನಿಗೆ ಉಳಿದಿದ್ದು ಆ ಬುಟ್ಟಿಯೊಂದೇ. ಚರ್ಚಿನಲ್ಲಿ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಿ ರಸ ಹಂಚುವ ಪ್ರಭು ಭೋಜನಕ್ಕೆ ಅದರ ರಸವನ್ನೇ ಅವರು ಬಡಿಸುತ್ತಿದ್ದರು.

ತಾತ ಹೋದ ಮೇಲೆ, ಹೋದ ವರ್ಷ, ಅಜ್ಜಿ ತಾವೇ ಬುಟ್ಟಿ ಹೊತ್ತು ದಿಂಡಿಗಲ್‌ಗೆ ಬಂದರು. ನಮ್ಮ ಜಗಲಿಯಲ್ಲಿ ಚರ್ಚಿನ ಸಭೆಯ ಹಿರಿಯರು ಕಾಫಿ ಕುಡಿಯುತ್ತಾ ಕೂತಿದ್ದರು. ಅವರಲ್ಲಿ ಮುಖ್ಯಸ್ಥರದು ಬೀಗದ ಅಂಗಡಿ. ಮುಖವೂ ಅಂಗಡಿಯ ಮಾಲಿನ ಹಾಗೇ ಇತ್ತು.

"ಒಳ್ಳೇ ಹಣ್ಣು, ಪಾಟಿ," ಅಂದರು ಅವರು ಅಜ್ಜಿಗೆ.

ಅಜ್ಜಿ ಹಿಗ್ಗಿ ಹೋದರು. "ಒಳ್ಳೇದಿರದೇ ಏನು? ಮೊದ್ಲು ನಮ್ಮ ತೋಟದಮ್ಮನ ಕಲ್ಲಿನ ಮುಂದೆ ಮಡಗಿ, ಕರ್ಪೂರ ಅಚ್ಚಿ, ಆಮೇಲೇ ನಿಮ್ಮ ಸಾಮಿಗೆ ತತ್ತೀನಿ. ಪ್ರತಿ ವರ್ಸಾನೂ ಅಂಗೇ!"

ಹಿರಿಯರ ಕೈಯಲ್ಲಿ ಕಾಫಿ ಲೋಟ ಅಲ್ಲೇ ನಿಂತಿತು. ಎಷ್ಟು ವರ್ಷ ಕುಡಿದ ರಸ ಅದು ಎಂದು ಅವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುವುದು ನನಗೆ ಕೇಳಿಸುತ್ತಿತ್ತು.

"ಅಯ್ಯಾ, ವಿಗ್ರಹಕ್ಕೆ ಇಟ್ಟಿದ್ದು ಪ್ರಭುವಿನ ಮೇಜಿಗೆ ಬರಬಾರದು," ಅಂದರು ಬೀಗದ ಹಿರಿಯರು. "ಬಂದರೆ ನಾವ್ಯಾರೂ ತಟ್ಟೆ ಹಿಡಿಯಲ್ಲ. ನಿಮ್ಮನ್ನ ಇಲ್ಲಿಂದ ಎತ್ತಿಸೋಕೂ ಮೇಲೆ ಹೇಳ್ತೀವಿ."

"ಅಣ್ಣಾಚಿ, ನೀವು ದೇವಸ್ಥಾನದ ಹುಂಡಿಗೆ ಬೀಗ ಮಾರ್ತೀರಿ," ಅಂದರು ಅಪ್ಪ. "ಆ ಕಾಸಲ್ಲಿ ತಂದ ಅಕ್ಕಿ ನಿಮ್ಮ ಹೊಟ್ಟೇಲಿ ಏನಾದ್ರೂ ತಕರಾರು ಮಾಡಿದೆಯಾ?"

ಹಿರಿಯರು ಎದ್ದು ಹೋದರು. ಕಾಫಿ ಮುಗಿಸಿಯೇ ಹೋದರು ಎಂಬುದನ್ನು ಗಮನಿಸಿ.

"ಬೇರೆ ಹಣ್ಣು ತರೋಣ, ಬಜಾರಲ್ಲಿ ಸಿಗುತ್ತೆ," ಅಂದರು ಅಮ್ಮ.

"ಇಪ್ಪತ್ತು ವರ್ಷ ಈ ಬುಟ್ಟಿ ನನ್ನ ಬಿಡಲಿಲ್ಲ," ಅಂದರು ಅಪ್ಪ. "ನಾನು ಬಿಡಲಾ?"

ಅಮ್ಮ ಪಾತ್ರೆ ತಂದರು. ನಾವಿಬ್ಬರೂ ಹಿಂಡಿದೆವು. ನನ್ನ ಬೆರಳು ವಾರವೆಲ್ಲಾ ನೇರಳೆಯಾಗಿತ್ತು. ಸ್ಕೂಲಲ್ಲಿ ಅದು ಅಪರೂಪದ ಕಾಯಿಲೆ ಅಂತ ಹೇಳಿ ಗಣಿತದ ಟೆಸ್ಟ್ ತಪ್ಪಿಸಿಕೊಂಡೆ.

ನಮ್ಮ ಸಭೆಯಲ್ಲಿ ಜನ ಎದ್ದು ಮುಂದೆ ಬರುವುದಿಲ್ಲ. ಹಿರಿಯರೇ ಪುಟ್ಟ ಲೋಟಗಳ ತಟ್ಟೆ ಹಿಡಿದು ಬೆಂಚಿನಿಂದ ಬೆಂಚಿಗೆ ಹೋಗುತ್ತಾರೆ. ಆ ಭಾನುವಾರ ಅವರೆಲ್ಲ ಮುಂದಿನ ಸಾಲಿನಲ್ಲಿ ಕೈ ಕಟ್ಟಿ ಕೂತರು. ಅಪ್ಪ ರೊಟ್ಟಿ ಮುರಿದರು, ತಟ್ಟೆ ಎತ್ತಿ ಚಾಚಿದರು. ಯಾರೂ ಏಳಲಿಲ್ಲ. ಕೊನೆಯ ಬೆಂಚಿನಲ್ಲಿದ್ದ ಅಜ್ಜಿಯ ಮುಖ ಬಾಡಿತ್ತು.

ಅಮ್ಮ ಎದ್ದರು. ಹೆಂಗಸರು ತಟ್ಟೆ ಹಿಡಿದದ್ದು ನಮ್ಮ ಚರ್ಚಿನಲ್ಲಿ ಯಾರೂ ಕಂಡಿರಲಿಲ್ಲ. ಅವರ ಹಿಂದೆ ನಾನು, ಸಿನಿಮಾ ನಾಯಕಿಯ ನಡಿಗೆಯಲ್ಲಿ. ಆಮೇಲೆ ಬೀಗದ ಹಿರಿಯರ ಹೆಂಡತಿ!

"ಏಯ್, ಕೂತ್ಕೋ ಡೀ!" ಎಂದು ಆತ ಪಿಸುಗುಟ್ಟಿದ್ದು ಎದುರಿಗಿದ್ದ ಮೈಕಿನಲ್ಲಿ ಇಡೀ ಚರ್ಚಿಗೆ ಕೇಳಿಸಿತು.

"ನೀವು ಎದ್ದಿದ್ರೆ ನಾನ್ಯಾಕೆ ಏಳ್ತಿದ್ದೆ?" ಅಂದು ಆಕೆ ತಟ್ಟೆ ಎತ್ತಿಕೊಂಡರು.

ಮುಂದಿನ ಸಾಲು ಬಿಟ್ಟು ಹೆಚ್ಚಿನವರು ಕುಡಿದರು. ಕೆಲವರು ಲೋಟವನ್ನು ಪಕ್ಕದವರಿಗೆ ದಾಟಿಸಿದರು. ಹಿರಿಯರು ಹೇಳಿದಂತೆಯೇ ಮಾಡಿದರು: ಬೇಸಿಗೆಯ ರಜೆಯಲ್ಲಿ ವರ್ಗಾವಣೆ ಬಂತು. ನಗರದ ದೊಡ್ಡ ಚರ್ಚಿನಿಂದ ಬೆಟ್ಟದ ಬುಡದ ತೇವಾರಂಗೆ. ಅಲ್ಲಿನ ಚರ್ಚು ದಿಂಡಿಗಲ್‌ನ ನಮ್ಮ ಅಡುಗೆಮನೆಗಿಂತ ಸ್ವಲ್ಪ ದೊಡ್ಡದು. ಅಪ್ಪ ದನಿ ಮಾತ್ರ ತಗ್ಗಿಸಿಲ್ಲ. ಅಕ್ಕಪಕ್ಕದ ತೋಟದವರು ಗಿಳಿ ಓಡಿಸುವುದನ್ನೇ ಬಿಟ್ಟಿದ್ದಾರೆ.

ಈ ಸಲ ಕೊಯ್ಲಿಗೆ ಮುಂಚೆ ಅಜ್ಜಿ ಬಂದು ಬಾಗಿಲಲ್ಲೇ ನಿಂತರು.

"ನನ್ನ ಬಾಯಿಂದ ನಿನ್ನ ದೊಡ್ಡ ಚರ್ಚು ಓಯ್ತಲ್ಲ ಮಗಾ. ಈ ಸಲ ತೋಟದಮ್ಮನ ಮುಂದೆ ಮಡಗದೆ ನೇರ ತರ್ಲಾ?"

ಅಪ್ಪ ತಲೆಯಾಡಿಸಿದರು. "ಬ್ಯಾಡವ್ವಾ. ಯಾವಾಗ್ಲೂ ತತ್ತಿದ್ದಂಗೇ ತಾ. ಯಾರಾನಾ ಕೇಳಿದ್ರೆ, ಹೋದ್ಸಲ ಹೇಳ್ದಂಗೇ ಹೇಳು."