ಮಿಷನ್ನಿಗೆ ರಜೆ

ರಾಯದುರ್ಗದಲ್ಲಿ ನಮ್ಮ ಪಕ್ಕದ ಮನೆಯವರು ಜೀನ್ಸ್ ಹೊಲಿಯುತ್ತಿದ್ದರು. ಗಂಡನಿಗೂ ಹೆಂಡತಿಗೂ ದೇವರಲ್ಲಿ ನಂಬಿಕೆಯಿಲ್ಲ; ಮನೆಯಲ್ಲಿ ಒಂದು ಪಟವೂ ಇರಲಿಲ್ಲ. ಆದರೆ ಮಗಳು ದರ್ಗಾ ಅನ್ನಲಿ, ಗುಡಿ ಅನ್ನಲಿ, ಇಬ್ಬರೂ ಕೊರಳಿನ ಟೇಪು ತೆಗೆದಿಟ್ಟು, "ನೋಡೋಣ ತಗೋವ್ವ" ಎಂದು ಹೊರಟುಬಿಡುತ್ತಿದ್ದರು.

ಆ ಆಯುಧಪೂಜೆಗೆ ಅವಳು ಮಿಷನ್ನಿಗೇ ಪೂಜೆ ಮಾಡುತ್ತೇನೆಂದಳು. ತಾಯಿ ಸೇವಂತಿಗೆ ತಂದರು, ತಂದೆ ಕುಂಬಳಕಾಯಿ ಒಡೆದರು.

ಅವತ್ತೇ ಬಳ್ಳಾರಿಗೆ ಹೆಣ್ಣು ನೋಡಲು ಹೊರಟಿದ್ದ ನಾನು, ಉದ್ದ ಕಡಿಮೆ ಮಾಡಲು ಕೊಟ್ಟಿದ್ದ ಪ್ಯಾಂಟು ಕೇಳಲು ಹೋದೆ. ಅದು ಹಾರ ಹಾಕಿದ ಮಿಷನ್ನಿನ ಸೂಜಿಯ ಕೆಳಗೇ ಇತ್ತು. ಒಂದೇ ಕಾಲು ಹೊಲಿದಾಗಿತ್ತು.

"ಪೂಜಿ ಆದಮ್ಯಾಲ ಇವತ್ತು ಮಿಷನ್ ಓಡಿಸಬಾರದಂತ್ರಿ" ಎಂದು ತಂದೆ ಮಗಳ ಕಡೆ ತೋರಿಸಿದರು.

"ನಿಮಗ ದೇವರ ಮ್ಯಾಲ ನಂಬಿಕಿ ಇಲ್ಲಲ್ರಿ?"

"ನನಗಿಲ್ರಿ" ಎಂದರು ಮೆಲ್ಲಗೆ. "ಮಿಷನ್ನ ಇನ್ನೂ ಕೇಳಿಲ್ಲ."