ಬರ್ಲಿ ಬರ್ಲಿ, ಓಲ್ಡಾನ್

ಮೊದಲೇ ಹೇಳಿಬಿಡುತ್ತೇನೆ, ದೆವ್ವ ಭೂತದ ವಿಷಯದಲ್ಲಿ ನನ್ನಷ್ಟು ಕೆಟ್ಟ ಕೇಳುಗ ಇನ್ನೊಬ್ಬನಿಲ್ಲ. ಕನ್ನಡ ಸಂಘದ ಊಟ ಮುಗಿದು ಕಾಫಿ ಬರುವ ಹೊತ್ತಿಗೆ ಯಾರಾದರೂ ಒಬ್ಬರು ಅಂಥ ಕಥೆ ಶುರುಮಾಡುತ್ತಿದ್ದರು. "ಆವತ್ತು ರಾತ್ರಿ ಏನ್ ಊಟ ಮಾಡಿದ್ರಿ?" ಎಂದು ನಾನು ಕೇಳುತ್ತಿದ್ದೆ. ಕಥೆ ಅಲ್ಲಿಗೆ ನಿಲ್ಲುತ್ತಿತ್ತು. ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಇಪ್ಪತ್ತೇಳು ವರ್ಷ ಕಾರುಗಳ ಬ್ರೇಕ್ ಪರೀಕ್ಷೆ ಮಾಡಿದವನು ನಾನು. ಗಾಡಿ ನಿಂತರೆ ಅದಕ್ಕೊಂದು ಕಾರಣ ಇರುತ್ತದೆ, ನಿಲ್ಲದಿದ್ದರೆ ಅದಕ್ಕೂ ಒಂದು ಕಾರಣ ಇರುತ್ತದೆ. ಈಗ ಹೇಳಹೊರಟಿರುವುದು ಒಂದು ಗಾಡಿ ನಿಂತ ಸಂಗತಿ. ಅದರ ಕಾರಣ ಮಾತ್ರ ನನಗೆ ಇವತ್ತಿಗೂ ತಿಳಿದಿಲ್ಲ.

ಅದು ಎರಡು ಸಾವಿರದ ಒಂಬತ್ತನೇ ಇಸವಿ. ರಿಸೆಷನ್ ಬಂದು ನಮ್ಮ ಬಡಾವಣೆಯಲ್ಲಿ ಮನೆಗೊಬ್ಬರು ಕೆಲಸ ಕಳೆದುಕೊಂಡು ಕೂತಿದ್ದರು. ನನಗೂ "ನೀವಾಗಿಯೇ ನಿವೃತ್ತರಾಗಿ" ಎಂದು ಮರ್ಯಾದೆಯಿಂದ ಹೇಳಿದರು. ಜನ ದೋಣಿ, ಟ್ರೇಲರುಗಳನ್ನೆಲ್ಲ ಡ್ರೈವ್‌ವೇಯಲ್ಲಿ ನಿಲ್ಲಿಸಿ ಮಾರಾಟಕ್ಕಿದೆ ಎಂದು ಬೋರ್ಡು ಹಾಕಿದ್ದರು. ಹಾಗೆ ಎರಡು ಬೀದಿ ಆಚೆ ನಿಂತಿದ್ದ ಒಂದು ಇಪ್ಪತ್ತನಾಲ್ಕು ಅಡಿ ಟ್ರೇಲರನ್ನು, ಒಳಗೆ ಮಂಚ ಒಲೆ ಫ್ರಿಜ್ ಎಲ್ಲ ಇರುವುದನ್ನು, ಮನೆಯಲ್ಲಿ ಕೇಳದೆ ಕೊಂಡುಬಿಟ್ಟೆ. ಎಳೆಯಲು ಪಿಕಪ್ ಟ್ರಕ್ ಮೊದಲೇ ಇತ್ತು. ನನ್ನ ಹೆಂಡತಿ ವನಜ ಕಿಟಕಿಯಿಂದ ನೋಡಿ, "ಈ ವಯಸ್ಸಲ್ಲಿ ನನಗೊಬ್ಬಳು ಸವತಿ ಬಂದ್ಲಾ?" ಎಂದಳು. ಆ ಹೆಸರೇ ನಿಂತಿತು.

ಸವತಿಯ ಗುಣಗಳನ್ನು ಹೇಳುವುದಾದರೆ ಹೊತ್ತು ಸಾಲದು. ಚಾವಣಿ ಸೋರುತ್ತಿತ್ತು, ಅದೂ ಸರಿಯಾಗಿ ನನ್ನ ದಿಂಬಿನ ಮೇಲೆ. ಫ್ರಿಜ್ಜಿನಲ್ಲಿ ಹಾಲು ಕಲ್ಲಾಗುತ್ತಿತ್ತು, ಪಕ್ಕದಲ್ಲೇ ಇಟ್ಟ ಸೊಪ್ಪು ಬಾಡುತ್ತಿತ್ತು. ರೈಲ್ವೆ ಹಳಿ ದಾಟಿದರೆ ಸಾಕು, ಬಾಗಿಲು ತಾನೇ ತೆರೆದುಕೊಳ್ಳುತ್ತಿತ್ತು. ನಾನು ಹಿಡಿದದ್ದು ಬಿಡುವ ಪೈಕಿ ಅಲ್ಲ. ಏಣಿ ಹತ್ತಿ ಟಾರು ಬಳಿದೆ, ಬಾಗಿಲಿಗೆ ಹೊಸ ಚಿಲಕ ಹಾಕಿದೆ, ಫ್ರಿಜ್ಜನ್ನು ಮೂರು ಸಲ ಬಿಚ್ಚಿ ನಾಲ್ಕು ಸಲ ಜೋಡಿಸಿದೆ. ಆ ಬೇಸಿಗೆಯೆಲ್ಲ ಇದೇ ನನ್ನ ಆಫೀಸಾಯಿತು. ಕೊನೆಗೆ ನನಗೆ ಸೋಲದೆ ಉಳಿದದ್ದು ಒಂದೇ, ರಿವರ್ಸ್.

ಟ್ರೇಲರ್ ಎಳೆದವರಿಗೆ ಗೊತ್ತು, ಅದು ಹಿಂದಕ್ಕೆ ಹೋಗುವಾಗ ಎಲ್ಲವೂ ತಿರುಗುಮುರುಗು. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. ಹಿಂದೆ ಏನಿದೆ ಎಂದೂ ಕಾಣುವುದಿಲ್ಲ. ಅದಕ್ಕೇ ಗಂಡ ಓಡಿಸುವುದು, ಹೆಂಡತಿ ಹಿಂದೆ ನಿಂತು ಕೈ ಬೀಸುವುದು ಟ್ರೇಲರುಗಳು ತಂಗುವ ಎಲ್ಲ ಕ್ಯಾಂಪ್‌ಗ್ರೌಂಡುಗಳ ಪದ್ಧತಿ. ವನಜ "ಸ್ವಲ್ಪ ಈ ಕಡೆ" ಎನ್ನುತ್ತಿದ್ದಳು. ಈ ಕಡೆ ಎಂದರೆ ಯಾವ ಕಡೆ? ನಾನು ಕೇಳಿಸಿಕೊಳ್ಳುವುದನ್ನೇ ಬಿಟ್ಟೆ. ನಿಜ ಹೇಳಬೇಕೆಂದರೆ ಮೊದಲಿನಿಂದಲೂ ಯಾರ ಮಾತನ್ನೂ ಕೇಳಿದವನಲ್ಲ. ಪಕ್ಕದ ಸೈಟಿನಲ್ಲಿ ಗಾಡಿ ನಿಲ್ಲಿಸಿಕೊಂಡವರು ಸಹಾಯಕ್ಕೆ ಬಂದರೆ ಥ್ಯಾಂಕ್ಸ್ ಹೇಳಿ ಕಳಿಸಿಬಿಡುತ್ತಿದ್ದೆ.

ಅಕ್ಟೋಬರಿನಲ್ಲಿ ನಮ್ಮ ಮಗಳು ಸ್ಮಿತಾಗೆ ದಿನ ತುಂಬಿತ್ತು. ಅಳಿಯನ ಕೆಲಸ ಹೋಗಿ, ಅವರು ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ ಒಂದೇ ಬೆಡ್‌ರೂಮಿನ ಅಪಾರ್ಟ್‌ಮೆಂಟಿಗೆ ಹೋಗಿದ್ದರು. ಬಾಣಂತನಕ್ಕೆ ಹೋದರೆ ನಾವು ಮಲಗುವುದೆಲ್ಲಿ? "ಸವತಿ ಇದ್ದಾಳಲ್ಲ" ಎಂದೆ. ಹತ್ತಿರದ ಕ್ಯಾಂಪ್‌ಗ್ರೌಂಡಿನಲ್ಲಿ ಅದನ್ನು ನಿಲ್ಲಿಸಿ ತಿಂಗಳೊಪ್ಪತ್ತು ಇರುವುದು, ವನಜ ಬೆಳಗ್ಗೆ ಹೋಗಿ ಮಗುವಿಗೆ ಎರೆದು ಬರುವುದು ಎಂದು ತೀರ್ಮಾನವಾಯಿತು. ಬಾಣಂತಿ ಲೇಹ್ಯ, ಅಂಟಿನುಂಡೆಯ ಡಬ್ಬಗಳ ಜೊತೆ, ಮಗುವಿಗೆ ಎರೆಯುವಾಗ ಕೂರಲು ತನ್ನ ತಾಯಿ ಕೊಟ್ಟಿದ್ದ ಹಲಸಿನ ಮಣೆಯನ್ನೂ ಅವಳು ಸೀರೆಯಲ್ಲಿ ಸುತ್ತಿ ಇಟ್ಟುಕೊಂಡಳು.

ಮೊದಲ ದಿನವೇ ಜಗಳವಾಯಿತು. ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದ ಕಡೆ ರಿವರ್ಸ್ ತೆಗೆಯುವಾಗ ಅವಳು ಕೂಗುತ್ತಲೇ ಇದ್ದಳು, ನಾನು ಹೋಗುತ್ತಲೇ ಇದ್ದೆ, ಟ್ರೇಲರ್ ಹೋಗಿ ಒಂದು ಪಿಕ್ನಿಕ್ ಮೇಜಿಗೆ ಗುದ್ದಿತು. "ನಿಮ್ಮ ಹಿಂದೆ ನಿಂತು ಬಾಯಿ ಬಡ್ಕೊಳ್ಳೋ ಕೆಲಸ ಇನ್ನು ನನ್ನದಲ್ಲ ರೀ. ನೀವುಂಟು, ನಿಮ್ಮ ಸವತಿಯುಂಟು" ಎಂದು ಟ್ರಕ್ ಹತ್ತಿ ಕೂತವಳು ನೂರು ಮೈಲಿ ತುಟಿ ಬಿಚ್ಚಲಿಲ್ಲ.

ಮಿಶಿಗನ್ ಸರೋವರದ ದಡದಲ್ಲಿ ರಾತ್ರಿ ತಂಗಬೇಕೆಂದಿದ್ದ ಕ್ಯಾಂಪ್‌ಗ್ರೌಂಡು ತಲುಪಿದಾಗ ಸಂಜೆ ಐದು ಗಂಟೆ. ಸೀಸನ್ ಮುಗಿದಿತ್ತು. ನೀರಿನ ಕಡೆಯಿಂದ ಮಂಜು ಬಂದು ಮರಗಳ ಬುಡವಷ್ಟೇ ಕಾಣುತ್ತಿತ್ತು, ಚಳಿ ನಲವತ್ತು ಡಿಗ್ರಿ ಫ್ಯಾರನ್‌ಹೀಟ್. ವನಜ "ಕೈಕಾಲು ತೊಳ್ಕೊಂಡು ಬರ್ತೀನಿ" ಎಂದು ಟವೆಲ್ ಹಿಡಿದು ಇಳಿದುಹೋದಳು. ಇವಳು ಬರುವುದರೊಳಗೆ ಒಬ್ಬನೇ ನಿಲ್ಲಿಸಿ ತೋರಿಸುತ್ತೇನೆ ಎಂದು ನಾನು ಹಟ ತೊಟ್ಟೆ. ಸೈಟು ಎಡಗಡೆಗಿತ್ತು. ಕಿಟಕಿ ಇಳಿಸಿ, ಕತ್ತು ಹೊರಗೆ ಹಾಕಿ ಹಿಂದಕ್ಕೆ ಬಿಟ್ಟೆ. ಎರಡು ಸಲ ಸೊಟ್ಟಗೆ ಹೋಯಿತು, ಎರಡು ಸಲ ಮುಂದಕ್ಕೆ ತಂದೆ.

ಮೂರನೆಯ ಸಲ ಹಿಂದಿನಿಂದ ಒಂದು ಗಂಡಸಿನ ದನಿ ಕೇಳಿತು. "ಬರ್ಲಿ, ಬರ್ಲಿ, ಬರ್ಲಿ..."

ಒಡೆದ, ಪಳಗಿದ ದನಿ. ಬೆಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ದಿನಕ್ಕೆ ನೂರು ಬಸ್ಸು ಹಿಂದಕ್ಕೆ ಕರೆಯುವ ಕಂಡಕ್ಟರನಿಗೆ ಎಷ್ಟು ಅವಸರವಿರುತ್ತದೋ ಅಷ್ಟೇ ಅವಸರ. "ಬರ್ಲಿ, ಇನ್ನೂ ಬರ್ಲಿ." ನನಗೆ ಆಶ್ಚರ್ಯವೇ ಆಗಲಿಲ್ಲ ನೋಡಿ. ಕೈ ತಾನಾಗಿ ಸ್ಟಿಯರಿಂಗನ್ನು ಆ ದನಿಯ ಹಿಂದೆ ತಿರುಗಿಸಿತು, ಸವತಿ ಜನ್ಮದಲ್ಲಿ ಮೊದಲ ಬಾರಿಗೆ ನೆಟ್ಟಗೆ ಹೋದಳು. ಅರ್ಧ ದಾರಿಯಲ್ಲಿ ನಿಲ್ಲಿಸಿ, ಮಂಜು ಕೂತ ಕನ್ನಡಿಯನ್ನು ಕರವಸ್ತ್ರದಿಂದ ಒರೆಸಿದೆ. ಒಂದೆರಡು ನಿಮಿಷವಾಗಿರಬಹುದು. ದನಿಯೂ ಸುಮ್ಮನಿತ್ತು. ಮತ್ತೆ ಬ್ರೇಕಿನಿಂದ ಕಾಲು ತೆಗೆದು ಹಿಂದಕ್ಕೆ ಬಿಟ್ಟೆನೋ ಇಲ್ಲವೋ, "ಓಲ್ಡಾನ್!"

ಜೊತೆಗೆ ತಗಡಿನ ಮೇಲೆ ಅಂಗೈಯಿಂದ ದಬದಬ ಎಂದು ಎರಡು ಬಡಿತ. ನನ್ನ ಕಾಲು ಬ್ರೇಕಿನ ಮೇಲಿತ್ತು.

"ಏನಾಯ್ತ್ರೀ?" ಎಂದು ಕೂಗಿದೆ. ಕನ್ನಡದಲ್ಲೇ ಕೂಗಿದೆ. ಉತ್ತರ ಬರಲಿಲ್ಲ. ನಾನಿರುವುದು ಎಲ್ಲಿ, ಕೂಗಿದ್ದು ಯಾವ ಭಾಷೆಯಲ್ಲಿ ಎಂಬುದು ಆಗಷ್ಟೇ ತಲೆಗೆ ಹೊಳೆಯಿತು.

ಇಳಿದು, ನನ್ನ ಸೀಟಿನಿಂದ ಕಾಣದಿದ್ದ ಬಲಗಡೆಗೆ ಹೋದೆ. ವನಜ ಟ್ರೇಲರಿನ ಹಿಂದಿನ ಗಾಲಿಯ ಬಳಿ ನೆಲಕ್ಕೆ ಕೂತಿದ್ದಳು. ಅವಳ ಸೀರೆಯ ಸೆರಗು ಗಾಲಿಯ ಕೆಳಗೆ ಸಿಕ್ಕಿತ್ತು. ಗಾಲಿಗೂ ಅವಳ ಮೊಣಕಾಲಿಗೂ ನಡುವೆ ಒಂದು ಗೇಣು ಇತ್ತೋ ಇಲ್ಲವೋ. ಎದುರಿಗೆ ಆ ಹಲಸಿನ ಮಣೆ. ಆ ಸೈಟು ಬಲಕ್ಕೆ ಇಳಿಜಾರಾಗಿತ್ತು. ಟ್ರೇಲರ್ ಮಟ್ಟವಾಗಿ ನಿಲ್ಲಲೆಂದು ಗಾಲಿಯ ಕೆಳಗಿಡುವ ಹಲಗೆಗಳನ್ನು ಆ ಜಗಳದ ಭರದಲ್ಲಿ ನಾನು ಊಟ ಮಾಡಿದ ಕಡೆಯೇ ಬಿಟ್ಟು ಬಂದಿದ್ದೆ. ಅವಳು ಅದನ್ನು ನೋಡಿದ್ದಳು. ನನ್ನೊಡನೆ ಮಾತು ಬಿಟ್ಟಿದ್ದಳೇ ಹೊರತು ಕೆಲಸ ಬಿಟ್ಟಿರಲಿಲ್ಲ. ಬೇಗ ವಾಪಸು ಬಂದು, ಗಾಡಿ ನಿಂತದ್ದು ಕಂಡು ಮುಗಿಯಿತೆಂದುಕೊಂಡು, ಮಣೆ ತಂದು ಗಾಲಿಯ ಹಿಂದೆ ಇಡಲು ಕುಕ್ಕರಗಾಲಲ್ಲಿ ಕೂತಿದ್ದಳು.

ಮೂವತ್ತಮೂರು ವರ್ಷ ಜೊತೆಯಲ್ಲಿದ್ದವಳನ್ನು ನನ್ನ ಕೈಯಾರೆ ಕೊಲ್ಲುತ್ತಿದ್ದೆ. ಮಗಳಿಗೆ ಏನೆಂದು ಫೋನ್ ಮಾಡುತ್ತಿದ್ದೆ? ಅಲ್ಲೇ ಕೂತು ಅತ್ತುಬಿಟ್ಟೆ. ಅವಳೇ ಬೆನ್ನು ಸವರಿ, "ಎದ್ದೇಳಿ, ನೆಲ ಒದ್ದೆ ಇದೆ" ಎಂದಳು.

"ಕೂಗಿದ್ದು ಯಾರು?" ಎಂದು ಕೇಳಿದೆ. ಅವಳಿಗೆ ಯಾರ ಕೂಗೂ ಕೇಳಿಸಿರಲಿಲ್ಲ. ಬಡಿತವೂ ಇಲ್ಲ.

ಅಳು ನಿಂತ ಮೇಲೆ ನನ್ನೊಳಗಿನ ಪರೀಕ್ಷಕ ಎದ್ದು ನಿಂತ. ಟ್ರೇಲರಿನ ಹಿಂಭಾಗವೆಲ್ಲ ಮಂಜಿನ ಹನಿ ಕೂತಿತ್ತು, ಒಂದು ಬೆರಳಿನ ಗುರುತೂ ಇರಲಿಲ್ಲ. ಒದ್ದೆ ಮರಳಿನಲ್ಲಿದ್ದದ್ದು ವನಜಳ ಚಪ್ಪಲಿಯ ಗುರುತು ಮಾತ್ರ. ಟಾರ್ಚ್ ಹಿಡಿದು ಇಡೀ ಕ್ಯಾಂಪ್‌ಗ್ರೌಂಡು ಸುತ್ತಿದೆ. ಇನ್ನೊಂದೇ ಟ್ರೇಲರಿತ್ತು, ಅದರಲ್ಲಿ ಒಹಾಯೋದ ವೃದ್ಧ ದಂಪತಿ, ಕಿಟಕಿಗಳನ್ನೆಲ್ಲ ಮುಚ್ಚಿ ಟಿವಿ ನೋಡುತ್ತಿದ್ದರು. ಕೂಗಿದ್ದು ನಾವಲ್ಲ, ನಮಗೇನೂ ಕೇಳಿಸಲಿಲ್ಲ ಎಂದರು. ಹಿಂದೆ ನಿಂತು ದಾರಿ ತೋರಿಸಲು ಬರಲೇ ಎಂದು ಆ ಮುದುಕ ಕೇಳಿದ. ದಯವಿಟ್ಟು ಬನ್ನಿ ಎಂದೆ.

ಮರುದಿನ ಶಿಕಾಗೋ ಸೇರಿದೆವು. ಐದನೆಯ ದಿನ ಮೊಮ್ಮಗ ಹುಟ್ಟಿದ. ಅಂಚಿನಲ್ಲಿ ಗಾಲಿಯ ಗೀರು ಬಿದ್ದ ಆ ಮಣೆಯ ಮೇಲೇ ಕೂತು, ಕಾಲು ನೀಡಿ, ವನಜ ಅವನಿಗೆ ಎರೆದಳು. ನಾನು ಬಾಗಿಲಲ್ಲಿ ನಿಂತು ಪ್ರತಿದಿನ ನೋಡುತ್ತಿದ್ದೆ.

ಸ್ಮಿತಾ ಇಲ್ಲೇ ಹುಟ್ಟಿ ಬೆಳೆದವಳು. ಕಥೆ ಕೇಳಿದವಳೇ ಒಂದು ಮಾತಿನಲ್ಲಿ ಬಗೆಹರಿಸಿಬಿಟ್ಟಳು. "ಅಪ್ಪಾ, ಸಂಬಡಿ ಸೆಡ್ ಹೋಲ್ಡ್ ಆನ್. ದಟ್ಸ್ ಇಂಗ್ಲಿಷ್!"

ಹೌದಲ್ಲ ಎನಿಸಿತು. ನಮ್ಮ ಕಂಡಕ್ಟರುಗಳ ಮಾತು ಮೂಲದಲ್ಲಿ ಇಂಗ್ಲಿಷೇ ತಾನೆ. ಯಾರೋ ದಾರಿಹೋಕ ಕೂಗಿರಬಹುದು, ಹಳೆಯ ಕಿವಿ ಅದನ್ನು ಊರಿನ ಮಾತಾಗಿ ಕೇಳಿಸಿಕೊಂಡಿರಬಹುದು. ಎರಡು ದಿನ ನೆಮ್ಮದಿಯಾಗಿದ್ದೆ. ಆದರೆ ಅದಕ್ಕೆ ಮುಂಚಿನ "ಬರ್ಲಿ ಬರ್ಲಿ"ಗೆ ಏನು ಹೇಳುವುದು? ಅದೂ ಹೋಗಲಿ. ನಾನು ಕೇಳಿದ್ದು ಹೋಲ್ಡ್ ಆನ್ ಅಲ್ಲ, ಓಲ್ಡಾನ್. ಅದರಲ್ಲಿ 'ಹ' ಇರಲಿಲ್ಲ. ಆ 'ಹ'ವನ್ನು ಹಾಗೆ ನುಂಗುವವರು ಯಾರೆಂದು ನಿಮಗೂ ಗೊತ್ತು, ನನಗೂ ಗೊತ್ತು.

ಬಿಡುವವನಲ್ಲವಲ್ಲ ನಾನು. ಮುಂದಿನ ವಸಂತದಲ್ಲಿ ಟ್ರೇಲರ್ ಎಳೆದುಕೊಂಡು ಅದೇ ಸೈಟಿಗೆ ಹೋದೆ. ವನಜಳನ್ನು ದೂರದ ಬೆಂಚಿನ ಮೇಲೆ ನನ್ನ ಕಣ್ಣೆದುರಿಗೇ ಕೂರಿಸಿ, ಕಿಟಕಿ ಇಳಿಸಿ, ಹನ್ನೊಂದು ಸಲ ರಿವರ್ಸ್ ತೆಗೆದೆ. ಹಕ್ಕಿಗಳು ಕೂಗಿದವು. ಆಫೀಸಿನಲ್ಲಿ, ಇಲ್ಲಿ ಯಾವತ್ತಾದರೂ ಭಾರತದವರು ಕೆಲಸ ಮಾಡಿದ್ದರೇ ಎಂದು ವಿಚಾರಿಸಿದೆ. ಇಲ್ಲವಂತೆ.

ಸವತಿಯನ್ನು ಮಾರಿ ವರ್ಷಗಳಾದವು. ಈಗ ಸಂಘದ ಊಟದಲ್ಲಿ ಯಾರಾದರೂ ಇಂಥ ಕಥೆ ತೆಗೆದರೆ ನಾನು ಬಾಯಿ ಮುಚ್ಚಿಕೊಂಡು ಕೇಳುತ್ತೇನೆ. ಒಮ್ಮೆ ಅವರೆಲ್ಲ ಸೇರಿ ನನ್ನ ಕಥೆಯನ್ನೇ ಕೆದಕಿ, ಅದು ಯಾರ ದನಿ ಇರಬಹುದೆಂದು ವಾದಕ್ಕೆ ಕೂತರು. ವನಜ ಕಾಫಿ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಳ್ಳುತ್ತ ಹೇಳಿದಳು, "ಯಾರಾದ್ರೂ ಕೂಗಿರ್ಲಿ ಬಿಡಿ. ನಾನೂ ಅವತ್ತು ಊಟದ ಹೊತ್ತಲ್ಲಿ ಗಂಟಲು ಹರಿಯೋ ಹಾಗೆ ಕೂಗಿದ್ದೆ. ಇವರು ಕೇಳಿಸ್ಕೊಂಡು ಗಾಡಿ ನಿಲ್ಸಿದ್ರಲ್ಲ, ನನಗೆ ಅದೇ ವಿಚಿತ್ರ."

ಎಲ್ಲರೂ ನಕ್ಕರು. ನಾನು ಎದ್ದು ಅವಳ ಕೈಯಿಂದ ತಟ್ಟೆ ತೆಗೆದುಕೊಂಡೆ.